ಅಶ್ರುತಗಾನ ಮೀಮಾಂಸೆ ಅಥವಾ ನಾನೇ ಮೊದಲು ಕೇಳಿದ್ದು

ಶಾಸ್ತ್ರಗ್ರಂಥ ಬರೆಯ ಹೊರಟವನು ಮೊದಲಿಗೆ ನಾಲ್ಕು ಸಂಗತಿಗಳನ್ನು ನಿಶ್ಚಯಿಸಿಕೊಳ್ಳಬೇಕೆಂದು ಹಿರಿಯರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಯಾರೂ ಕೇಳದ ಹಾಡನ್ನು, ಯಾರೂ ನೋಡದ ಚಿತ್ರವನ್ನು ಹುಡುಕಿ ತೆಗೆದು ನಾಲ್ಕು ಜನಕ್ಕೆ ಹಂಚುವ ವಿದ್ಯೆಯೇ ಪ್ರಕೃತ ಗ್ರಂಥದ ವಿಷಯ. ಪ್ರಯೋಜನ ಇಲ್ಲ. ಸಂಬಂಧ, ಮುಖ್ಯವಾಗಿ ನೆರೆಮನೆಯವರೊಡನೆ, ಹಳಸಿದೆ. ಉಳಿದದ್ದು ಅಧಿಕಾರಿಯ ವಿಚಾರ.

ಯಾರೂ ಕೇಳದ್ದನ್ನು ಕೇಳಿದವನು ಅಧಿಕಾರಿ ಎಂದರೆ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷ ಬರುತ್ತದೆ; ಗೋದಾಮಿನ ಕಾವಲುಗಾರನೂ ಒಳಗೆ ಬಂದುಬಿಡುತ್ತಾನೆ. ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳದೆ ಇರಲಾರದವನು ಎಂದು ಸೇರಿಸಿದರೂ ಸಾಲದು, ಅಂಥವರು ಪ್ರತಿ ಬಸ್ಸಿನಲ್ಲೂ ಒಬ್ಬರಿದ್ದಾರೆ. ಹೇಳಿಸಿಕೊಂಡವನು ಮೆಚ್ಚಿದರೆ ಯಾರಿಗೆ ಸಂಕಟವಾಗುತ್ತದೆಯೋ ಅವನೇ ನಿಜವಾದ ಅಧಿಕಾರಿ. ಇನ್ನು ಮುಂದೆ ಅವನನ್ನು ಶೋಧಕ ಎನ್ನೋಣ.

ಲಕ್ಷಣವನ್ನು ಲಕ್ಷ್ಯದಲ್ಲಿ ನೋಡಬೇಕಾದರೆ ಶೋಧಕ ಗೆಳೆಯನ ಮನೆಗೆ ಬರುವುದನ್ನು ಗಮನಿಸಬೇಕು. ಚಪ್ಪಲಿ ಬಿಡುವಾಗಲೇ ಅವನ ದನಿ ತಗ್ಗಿರುತ್ತದೆ. "ಒಂದು ಕೇಳಿಸ್ತೀನಿ, ನಡುವೆ ಮಾತಾಡಬೇಡ" ಎಂದು ಫ್ಯಾನು ಆರಿಸುತ್ತಾನೆ. ಹಾಡು ಶುರುವಾದ ಮೇಲೆ ಅವನು ಹಾಡು ಕೇಳುವುದಿಲ್ಲ, ಗೆಳೆಯನ ಮುಖ ನೋಡುತ್ತಾನೆ. ಗೆಳೆಯ ತಲೆದೂಗಿದನೋ, ಶೋಧಕನ ಮುಖ ಸಪ್ಪಗಾಗುತ್ತದೆ. "ಇದು ಶುರು ಅಷ್ಟೇ, ಮುಂದೆ ಕಷ್ಟ ಇದೆ" ಎಂದು ಸಮಾಧಾನ ಹೇಳಿಕೊಳ್ಳುತ್ತಾನೆ. "ಏನೋ ಇದು, ತಲೆ ಸಿಡೀತಿದೆ" ಎಂದರೆ ಅವನ ಆನಂದಕ್ಕೆ ಪಾರವಿಲ್ಲ. ಅಷ್ಟರಲ್ಲಿ ಒಳಗಿನಿಂದ ಗೆಳೆಯನ ತಾಯಿ, "ರೀಲು ಸಿಕ್ಕಿಹಾಕ್ಕೊಂಡಿದೆ, ನೋಡ್ರೋ" ಎನ್ನುತ್ತಾರೆ. ಅಶ್ರುತಗಾನದ ಬಗ್ಗೆ ಈವರೆಗೆ ಬಂದಿರುವ ವಿಮರ್ಶೆಗಳಲ್ಲೆಲ್ಲ ಈ ಅಡುಗೆಮನೆಯ ಭಾಷ್ಯವೇ ಅತ್ಯಂತ ಸಂಕ್ಷಿಪ್ತವೂ ಪ್ರಾಮಾಣಿಕವೂ ಆದುದೆಂದು ಪ್ರಬಂಧಕಾರನ ಮತ.

ಈ ಶಾಸ್ತ್ರದ ಮೂಲಕೃತಿ 1969ರಲ್ಲಿ ಬಂದ 'ಫಿಲಾಸಫಿ ಆಫ್ ದಿ ವರ್ಲ್ಡ್' ಎಂಬ ಧ್ವನಿಮುದ್ರಿಕೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಫ್ರೀಮಾಂಟ್ ಎಂಬ ಸಣ್ಣ ಊರು. ಅಲ್ಲಿನ ಆಸ್ಟಿನ್ ವಿಗಿನ್ ಎಂಬಾತನಿಗೆ ಅವನ ತಾಯಿ ಕೈ ನೋಡಿ ಭವಿಷ್ಯ ಹೇಳಿದ್ದಳು: ನಿನಗೆ ಕೆಂಚುಗೂದಲಿನ ಹೆಂಡತಿ ಬರುತ್ತಾಳೆ, ನಾನು ಸತ್ತ ಮೇಲೆ ನಿನಗೆ ಇಬ್ಬರು ಗಂಡುಮಕ್ಕಳಾಗುತ್ತಾರೆ, ನಿನ್ನ ಹೆಣ್ಣುಮಕ್ಕಳು ವಾದ್ಯಗೋಷ್ಠಿ ಕಟ್ಟುತ್ತಾರೆ. ಮೊದಲ ಎರಡು ತಾವಾಗಿ ಫಲಿಸಿದವು. ಮೂರನೆಯದನ್ನು ವಿಧಿಗೆ ಬಿಡುವ ತಾಳ್ಮೆ ಆಸ್ಟಿನ್‌ಗೆ ಇರಲಿಲ್ಲ. ಡಾಟ್, ಬೆಟ್ಟಿ, ಹೆಲೆನ್ ಮೂವರನ್ನೂ ಶಾಲೆ ಬಿಡಿಸಿ, ಕೈಗೆ ಗಿಟಾರು, ಡ್ರಮ್ಮು ಕೊಟ್ಟು, ದಿನವಿಡೀ ಅಭ್ಯಾಸಕ್ಕೆ ಕೂರಿಸಿದ. ಶನಿವಾರ ರಾತ್ರಿ ಊರಿನ ಟೌನ್ ಹಾಲಿನಲ್ಲಿ ನುಡಿಸಿದರೆ ಊರಿನ ಹುಡುಗರು ಗೇಲಿ ಮಾಡುತ್ತಿದ್ದರು. ಆಸ್ಟಿನ್ ಜಗ್ಗದೆ, ಮಕ್ಕಳನ್ನು ಮ್ಯಾಸಚೂಸೆಟ್ಸ್‌ನ ಸ್ಟುಡಿಯೋಗೆ ಕರೆದೊಯ್ದು ರೆಕಾರ್ಡು ಮಾಡಿಸಿಯೇಬಿಟ್ಟ. ಅಚ್ಚಾದ 1000 ಪ್ರತಿಗಳಲ್ಲಿ 900 ಕಾಣೆಯಾದವೆಂಬುದು ಐತಿಹ್ಯ. ಶೋಧಕ ಸಮುದಾಯ ಉಸಿರಾಡುತ್ತಿರುವುದು ಈ 900ರ ಬಲದಿಂದ. ಅಷ್ಟೂ ಅಂಗಡಿಗೆ ಹೋಗಿದ್ದರೆ ಈ ಶಾಸ್ತ್ರವೇ ಹುಟ್ಟುತ್ತಿರಲಿಲ್ಲ.

ಶ್ಯಾಗ್ಸ್ ಎಂಬ ಹೆಸರಿನ ಈ ಗೋಷ್ಠಿಯ ಸಂಗೀತದಲ್ಲಿ ಡ್ರಮ್ಮಿನ ತಾಳ ಒಂದು, ಗಿಟಾರಿನದು ಇನ್ನೊಂದು. ಹಾಡುವ ದನಿ ಗಿಟಾರಿನ ಬೆನ್ನು ಬಿಡದೆ ಸ್ವರಸ್ವರಕ್ಕೂ ಹಿಂಬಾಲಿಸುತ್ತದೆ. ಒಂದು ಹಾಡಂತೂ ಫೂಟ್ ಫೂಟ್ ಎಂಬ ಕಾಣೆಯಾದ ಬೆಕ್ಕನ್ನು ಕುರಿತದ್ದು. ಕೇಳುತ್ತ ಹೋದಂತೆ ಬೆಕ್ಕಿನ ನಿರ್ಧಾರ ಸ್ವಲ್ಪ ಸ್ವಲ್ಪ ಅರ್ಥವಾಗುತ್ತದೆ. ಪೂರ್ವಪಕ್ಷ: ಇವರಿಗೆ ತಾಳ ತಪ್ಪಿದೆ. ಸಿದ್ಧಾಂತ: ಮೂವರೂ ತಂತಮ್ಮ ತಾಳಕ್ಕೆ ಅಚಲ ನಿಷ್ಠರು, ತಪ್ಪಿರುವುದು ಕೇಳುಗನಿಗೆ. ಈ ಸಿದ್ಧಾಂತವನ್ನು ಒಪ್ಪಿದವನು ಶೋಧಕ, ಒಪ್ಪದವನು ಸಂಗೀತ ಬಲ್ಲವನು.

1975ರಲ್ಲಿ ಆಸ್ಟಿನ್ ತೀರಿಕೊಂಡ. ಹೆಣ್ಣುಮಕ್ಕಳು ಗೋಷ್ಠಿ ನಿಲ್ಲಿಸಿದರು. ಮುಗ್ಧತೆ, ನಿಷ್ಕಳಂಕ ಸೃಷ್ಟಿ, ಅಂತಃಸ್ಫೂರ್ತಿ ಎಂದು ಪುಟಗಟ್ಟಲೆ ಬರೆಯುವ ಶೋಧಕರು ಈ ಎರಡು ವಾಕ್ಯಗಳ ಹತ್ತಿರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಪ್ಪ ಬಾಗಿಲಲ್ಲಿ ನಿಂತು ಮಾಡಿಸಿದ ಅಭ್ಯಾಸವನ್ನು ಅಂತಃಸ್ಫೂರ್ತಿ ಎಂದು ಕೇಳಿಸಿಕೊಳ್ಳಲು ವಿಶೇಷ ತರಬೇತಿ ಪಡೆದ ಕಿವಿ ಬೇಕು.

1980ರಲ್ಲಿ ರೆಕಾರ್ಡು ಮರುಬಿಡುಗಡೆಯಾಯಿತು; ಜನಕ್ಕೆ ಸಿಕ್ಕಿತು; ಮೊದಲ ತಲೆಮಾರಿನ ಶೋಧಕರಿಗೆ ಸೂತಕ ಬಂತು. ಇಂಥದೇ ಸೂತಕ ಹಾಡುಗಾರ ಡೇನಿಯಲ್ ಜಾನ್‌ಸ್ಟನ್ ವಿಷಯದಲ್ಲೂ ಉಂಟು. ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿ ಅವನು ಮೆಕ್‌ಡೊನಾಲ್ಡ್ಸ್‌ನಲ್ಲಿ ಕೆಲಸ ಮಾಡಿಕೊಂಡು ತನ್ನ ಕ್ಯಾಸೆಟ್ಟುಗಳನ್ನು ಸಿಕ್ಕಿದವರ ಕೈಗಿಡುತ್ತಿದ್ದ. ಮೊದಮೊದಲು ನಕಲು ಮಾಡುವ ಅನುಕೂಲವಿಲ್ಲದೆ, ಇನ್ನೊಂದು ಪ್ರತಿ ಬೇಕಾದರೆ ಹಾಡುಗಳನ್ನೆಲ್ಲ ಮೊದಲಿನಿಂದ ಮತ್ತೆ ಹಾಡಿ ತುಂಬಿಸುತ್ತಿದ್ದನಂತೆ. ಹಂಚುವುದು ಶೋಧಕನ ಹಕ್ಕು; ಹಾಡಿದವನೇ ಹಂಚಿದರೆ ಅದು ಶಾಸ್ತ್ರವಿರುದ್ಧ. 1992ರಲ್ಲಿ ರಾಕ್ ಗಾಯಕ ಕರ್ಟ್ ಕೊಬೇನ್ ಜಾನ್‌ಸ್ಟನ್‌ನ ಕ್ಯಾಸೆಟ್ಟೊಂದರ ಚಿತ್ರವಿದ್ದ ಅಂಗಿ ತೊಟ್ಟು ಮೆರೆದ ಮೇಲಂತೂ ಎಲ್ಲ ಮುಗಿಯಿತು. ಅಂಗಿಯಾದ ಹಾಡನ್ನು ಶೋಧಕ ಮುಟ್ಟುವುದಿಲ್ಲ.

ನಮ್ಮ ದೇಶದ ನಿದರ್ಶನ ಇನ್ನೂ ತೊಡಕಿನದು. ಮುಂಬೈಯ ಹಿಂದಿ ಚಿತ್ರಸಂಗೀತದ ವಾದಕ ಚರಣ್‌ಜಿತ್ ಸಿಂಗ್ 1982ರಲ್ಲಿ ಜಪಾನಿನ ರೋಲಾಂಡ್ ಕಂಪನಿಯ ಯಂತ್ರಗಳನ್ನು ಜೋಡಿಸಿಕೊಂಡು ಹತ್ತು ರಾಗಗಳನ್ನು ಡಿಸ್ಕೋ ಲಯದಲ್ಲಿ ನುಡಿಸಿದರು. ಎಚ್‌ಎಂವಿ ಹೊರತಂದಿತು, ಕೊಂಡವರು ಕಡಿಮೆ. 2002ರಲ್ಲಿ ಡಚ್ ಸಂಗ್ರಾಹಕನೊಬ್ಬನಿಗೆ ಅದು ದೆಹಲಿಯಲ್ಲಿ ಸಿಕ್ಕಿತು, 2010ರಲ್ಲಿ ಮರುಬಿಡುಗಡೆಯಾಯಿತು. ಕೇಳಿದ ಯುರೋಪು ದಂಗಾಯಿತು. ಷಿಕಾಗೋದ ಹುಡುಗರು 1987ರಲ್ಲಿ ಅದೇ ರೋಲಾಂಡ್ ಟಿಬಿ 303 ಯಂತ್ರ ತಿರುಚಿ 'ಆಸಿಡ್ ಹೌಸ್' ಎಂಬ ನೃತ್ಯಸಂಗೀತ ಹುಟ್ಟಿಸಿದರೆಂದಲ್ಲವೇ ಚರಿತ್ರೆ? ಮುಂಬೈಯಲ್ಲಿ ಐದು ವರ್ಷ ಮೊದಲೇ ಅದು ಗುಂಯ್‌ಗುಟ್ಟುತ್ತಿತ್ತಲ್ಲ! ಇಲ್ಲೊಂದು ಸೂಕ್ಷ್ಮ ಪ್ರಶ್ನೆ. ಆ ಹತ್ತರಲ್ಲಿ ಯಮನ್ ಇದೆ, ಅಂದರೆ ನಮ್ಮ ಕಲ್ಯಾಣಿ. ಮಾಲ್‌ಕೌನ್ಸ್ ಇದೆ, ಅಂದರೆ ನಮ್ಮ ಹಿಂದೋಳ. ಬೀದಿ ಬೀದಿಯ ಸಂಗೀತ ಮೇಷ್ಟ್ರು ಸಂಜೆ ಐದಕ್ಕೆ ಹೇಳಿಕೊಡುವ ರಾಗ ಅಶ್ರುತವಾಗುವುದು ಹೇಗೆ? ಸಮಾಧಾನ ಸುಲಭ: ಯಾವುದನ್ನು ಶೋಧಕ ಕೇಳಿರಲಿಲ್ಲವೋ ಅದು ಅಶ್ರುತ. ಚರಣ್‌ಜಿತ್ ಸಿಂಗ್ ಮಾತ್ರ ಎಪ್ಪತ್ತು ದಾಟಿದ ಮೇಲೆ ಯುರೋಪಿನ ವೇದಿಕೆಗಳಲ್ಲಿ ಅದನ್ನು ಮತ್ತೆ ನುಡಿಸಿ ಬಂದು, 2015ರಲ್ಲಿ ತೀರಿಕೊಂಡರು. ಈ ಶಾಸ್ತ್ರದಲ್ಲಿ ಇಷ್ಟು ಲಾಭ ಕಂಡ ಕಲಾವಿದರು ಅಪರೂಪ.

ಇನ್ನು ಹಕ್ಕಿನ ಪ್ರಕರಣ. ಸಿಕ್ಕಿದ್ದು ಯಾರದು? ಇದಕ್ಕೆ ಪಾಶ್ಚಾತ್ಯರ ಬಳಿ ಓಡಬೇಕಿಲ್ಲ. ನಮ್ಮ ಕಲ್ಯಾಣದ ವಿಜ್ಞಾನೇಶ್ವರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರದಲ್ಲಿ ನೆಲದಲ್ಲಿ ಸಿಕ್ಕ ನಿಧಿಯ ವಿಚಾರವಿದೆ. ಸಾಮಾನ್ಯನಿಗೆ ನಿಧಿ ಸಿಕ್ಕಿದರೆ ಅವನಿಗೆ ಆರನೆಯ ಒಂದು ಪಾಲು, ಮಿಕ್ಕದ್ದು ರಾಜನಿಗೆ. ಸಿಕ್ಕಿದವನು ವಿದ್ವಾಂಸನಾದ ಬ್ರಾಹ್ಮಣನಾದರೆ ಪೂರ್ತಿ ಅವನಿಗೇ. ಮರುಬಿಡುಗಡೆಯಾದ ಪ್ರತಿ ರೆಕಾರ್ಡಿನ ಜೊತೆ ಶೋಧಕ ಹನ್ನೆರಡು ಪುಟದ ಟಿಪ್ಪಣಿ ಏಕೆ ಬರೆಯುತ್ತಾನೆಂಬ ಒಗಟು ಇಲ್ಲಿ ಬಿಡುತ್ತದೆ. ವಿದ್ವಾಂಸನೆಂದು ರುಜುವಾತಾಗದಿದ್ದರೆ ಐದು ಪಾಲು ಕೈಬಿಟ್ಟಿತು!

ರಾಜನೇ ನಿಧಿ ಕಂಡದ್ದೂ ಉಂಟು. ಚಂಡೀಗಢದಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್ ಸರ್ಕಾರಿ ಕಾಡಿನಲ್ಲಿ ಗುಟ್ಟಾಗಿ, ಒಡೆದ ಬಳೆ, ಹೆಂಚಿನ ಚೂರು, ಮುರಿದ ಪಿಂಗಾಣಿಗಳಿಂದ ವರ್ಷಗಟ್ಟಲೆ ಒಂದು ಲೋಕವನ್ನೇ ಕಟ್ಟಿದ. ಅಧಿಕಾರಿಗಳ ಕಣ್ಣಿಗೆ ಬಿದ್ದಾಗ ಕೆಡವುವ ಮಾತೂ ಬಂತು. ಕೊನೆಗೆ 1976ರಲ್ಲಿ ಸರ್ಕಾರವೇ ಅದನ್ನು ಜನಕ್ಕೆ ತೆರೆದು, ಅವನಿಗೆ ಸಂಬಳವನ್ನೂ ಕೊಟ್ಟಿತು. ಒತ್ತುವರಿ ಮಾಡಿದವನಿಗೆ 1984ರಲ್ಲಿ ಪದ್ಮಶ್ರೀ ಬಂದ ಈ ಪ್ರಸಂಗವನ್ನು ನಮ್ಮ ರೆವಿನ್ಯೂ ಇಲಾಖೆಯವರು ಓದದಿರಲೆಂದು ಪ್ರಾರ್ಥನೆ.

ನಿಧಿ ಮನೆ ಮಾಲೀಕನ ಕೈಸೇರಿದ್ದೂ ಉಂಟು. ಷಿಕಾಗೋದ ಹೆನ್ರಿ ಡಾರ್ಜರ್ ಆಸ್ಪತ್ರೆಯಲ್ಲಿ ಕಸ ಗುಡಿಸುತ್ತಿದ್ದ ಒಂಟಿ ಮನುಷ್ಯ. 1972ರಲ್ಲಿ ಅವನು ಬಾಡಿಗೆ ಕೋಣೆ ಬಿಟ್ಟು ವೃದ್ಧಾಶ್ರಮಕ್ಕೆ ಹೋದಾಗ, 15,000ಕ್ಕೂ ಹೆಚ್ಚು ಪುಟಗಳ ಕಾದಂಬರಿ, ಅದಕ್ಕೆ ಬರೆದ ಉದ್ದುದ್ದ ಚಿತ್ರಗಳು ಮನೆ ಮಾಲೀಕನಿಗೆ ಸಿಕ್ಕವು. ಮರುವರ್ಷ ಡಾರ್ಜರ್ ಸತ್ತ. ಅರ್ಧ ಶತಮಾನ ಕಳೆದು, 2022ರಲ್ಲಿ, ದೂರದ ಸಂಬಂಧಿಕರು ನಾವೇ ವಾರಸುದಾರರೆಂದು ಕೋರ್ಟಿಗೆ ಬಂದರು. ಬದುಕಿದ್ದಾಗ ಬಾಗಿಲು ತಟ್ಟದ ಸಪಿಂಡರು ಪಾಲು ಕೇಳುವಾಗ ತಪ್ಪದೆ ಬರುತ್ತಾರೆಂಬುದು ವಿಜ್ಞಾನೇಶ್ವರನಿಗೆ ಗೊತ್ತಿಲ್ಲದ್ದೇನಲ್ಲ. ದಾಯವಿಭಾಗವನ್ನು ಅವನು ಅಷ್ಟು ವಿಸ್ತಾರವಾಗಿ ಸುಮ್ಮನೆ ಬರೆಯಲಿಲ್ಲ.

ನಿಧಿಯ ಒಡೆಯನೇ ಬಂದು ಇದು ನನ್ನದೆಂದು ನಿಜ ಹೇಳಿದರೆ, ರಾಜ ಆರನೆಯದೋ ಹನ್ನೆರಡನೆಯದೋ ಪಾಲು ಹಿಡಿದುಕೊಂಡು ಮಿಕ್ಕದ್ದನ್ನು ಅವನಿಗೆ ಬಿಡಬೇಕೆಂದು ಮನು. ಶ್ಯಾಗ್ಸ್ ಗೋಷ್ಠಿಯ ಡಾಟ್, ಬೆಟ್ಟಿ ಹಾಗೆ ಬಂದರು. 2017ರಲ್ಲಿ ಮ್ಯಾಸಚೂಸೆಟ್ಸ್‌ನ ಸಂಗೀತೋತ್ಸವವೊಂದರಲ್ಲಿ ಇಬ್ಬರೂ ವೇದಿಕೆ ಹತ್ತಿದರು. ಹೆಲೆನ್ 2006ರಲ್ಲೇ ತೀರಿಕೊಂಡಿದ್ದರಿಂದ ಡ್ರಮ್ಮಿಗೆ ಬೇರೆಯವರು ಕೂತರು. ನುರಿತ ವಾದಕರು ಹಳೆಯ ರೆಕಾರ್ಡು ಕೇಳಿ ಕೇಳಿ, ಎಲ್ಲಿ ಎಷ್ಟು ತಪ್ಪಬೇಕೋ ಅಲ್ಲಿ ಅಷ್ಟೇ ತಪ್ಪುವುದನ್ನು ಅಭ್ಯಾಸ ಮಾಡಿ ಬಂದಿದ್ದರು. ಪಾಠ ಸಿದ್ಧವಾಗಿದೆ, ಕಲಿತವರೂ ಇದ್ದಾರೆ. ಜೂನಿಯರ್ ಗ್ರೇಡಿನ ಪಠ್ಯಕ್ಕೆ ಸೇರಿಸಿ ಪರೀಕ್ಷೆ ಇಡುವುದೊಂದು ಬಾಕಿ. ತಾಳ ಸರಿ ಹಾಕಿದವರಿಗೆ ಸೊನ್ನೆ.