ಅಯ್ಯನವರ ಸೋಮವಾರ

ಊರಿಗೆಲ್ಲ ಭಾನುವಾರ ರಜೆ. ಚರ್ಚಿನ ಅಯ್ಯನವರಿಗೆ ಅವತ್ತೇ ದುಡಿಮೆ. ಹಿರಿಯೂರಿನ ಸುತ್ತಮುತ್ತ ಬೈಕಿನಲ್ಲಿ ತಿರುಗಿ, ಕಂಡವರ ಮನೆಯ ಗಂಡ-ಹೆಂಡಿರ ಜಗಳ ಬಿಡಿಸಿ ರಾತ್ರಿ ಬಂದರೆ, ಮನೆಯಲ್ಲಿ ಮುದ್ದೆ ಆರಿ ಗಟ್ಟಿಯಾಗಿರುತ್ತದೆ, ಅಮ್ಮನವರ ಮುಖವೂ. ಆಗ ‘ಪ್ರಾರ್ಥನೆ ಮಾಡೋಣ’ ಎಂದರೆ ನಡೆಯದು. ‘ಪಾತ್ರೆ ನಾನೇ ತೊಳೀತೀನಿ’ ಎನ್ನಬೇಕು.

ಹಿಂದೆ ಬಾಸೆಲ್ ಮಿಷನ್ನಿನ ಪಾದ್ರಿಗಳು ಮದುವೆಗೂ ಕಮಿಟಿಯ ಅಪ್ಪಣೆ ಕೇಳಬೇಕಿತ್ತು. ಅವರಲ್ಲೊಬ್ಬರಾದ ಕಿಟೆಲ್ 1894ರ ನಿಘಂಟಿಗೆ ಸುಮಾರು 70,000 ಪದ ಕೂಡಿಸಿದರು; ಹೆಂಡತಿಯೊಡನೆ ಎಷ್ಟು ಆಡಿದರೋ, ಲೆಕ್ಕ ಇಟ್ಟವರಿಲ್ಲ.

ಅಯ್ಯನವರೇ, ಸೋಮವಾರ ಫೋನು ಮನೆಯಲ್ಲಿ ಬಿಟ್ಟು ಅಮ್ಮನವರನ್ನು ಮಾರಿಕಣಿವೆಗೆ ಕರೆದೊಯ್ಯಿರಿ. 1907ರಿಂದ ವೇದಾವತಿಯನ್ನೇ ತಡೆದ ಕಟ್ಟೆ; ಅವರ ಸಿಟ್ಟನ್ನೂ ತಡೆದೀತು. ಅಲ್ಲೂ ಸಭೆಯ ಹಿರಿಯರು ಎದುರಾದರೆ ದಯವಿಟ್ಟು ಸ್ತೋತ್ರ ಹೇಳಿ ಮುಂದೆ ನಡೆಯಿರಿ, ನಿಲ್ಲಬೇಡಿ.