ತೋಟದ ರೈಟರೂ ಬೆನ್ನುಹುರಿಯೂ

ಕೆ. ಹೊಸಕೋಟೆ ಸುತ್ತಿನ ಎಷ್ಟೋ ಕಾಫಿ ತೋಟಗಳಲ್ಲಿ ಸಾಹುಕಾರರು ಇರುವುದು ಬೆಂಗಳೂರಲ್ಲಿ, ತೋಟ ನಡೆಸುವುದು ರೈಟರು. ಮರ ಬಿದ್ದರೆ ಕಡಿಸಿ, ಬೇಲಿ ಮುರಿದರೆ ಕಟ್ಟಿಸಿ, ಎಲ್ಲ ಮುಗಿದ ಮೇಲೆ ಸಾಹುಕಾರರಿಗೊಂದು ಫೋನು. ಅವರು ಕ್ಲಬ್ಬಿನಲ್ಲಿ ಕೂತು ‘ನಾನೇ ಹೇಳಿ ಮಾಡಿಸಿದೆ’ ಅನ್ನುತ್ತಾರೆ. ನಮ್ಮ ಮೈಯೊಳಗಿನ ಕಾರುಬಾರೂ ಇಷ್ಟೇ. ಸಾಹುಕಾರ ತಲೆಯಲ್ಲಿ, ರೈಟರು ಬೆನ್ನುಹುರಿಯಲ್ಲಿ.

ಪರೀಕ್ಷೆ ಮಾಡಿ ನೋಡುವವರು ಹಣ್ಣು ಕುಯ್ಯುವಾಗ ಚಗಳಿ ಇರುವೆಯ ಗೂಡಿಗೆ ಕೈ ತಾಗಿಸಬಹುದು. ಚಗಳಿ ಕಚ್ಚಿದ ಸುದ್ದಿಯನ್ನು ಚರ್ಮದ ನರತಂತು ಬೆನ್ನುಹುರಿಗೆ ತರುತ್ತದೆ. ಅಲ್ಲಿ ನಡುವಿನ ನರಕೋಶಗಳು ಅದನ್ನು ಸ್ನಾಯುವಿನ ನರಕೋಶಕ್ಕೆ ದಾಟಿಸುತ್ತವೆ. ತೋಳು ಮಡಚುವ ಸ್ನಾಯು ಬಿಗಿಯಾಗುತ್ತದೆ; ಅದೇ ಗಳಿಗೆಯಲ್ಲಿ ಚಾಚುವ ಸ್ನಾಯುವಿಗೆ ‘ನೀನು ಸುಮ್ನಿರು’ ಅಂತ ಅಪ್ಪಣೆಯಾಗಿರುತ್ತದೆ. ಇಲ್ಲದಿದ್ದರೆ ಇಬ್ಬರೂ ಎಳೆದಾಡಿ ಕೈ ಗೂಡಿನಲ್ಲೇ ಉಳಿಯುತ್ತಿತ್ತು. ತಲೆಗೆ ನೋವು ಗೊತ್ತಾಗುವಷ್ಟರಲ್ಲಿ ಕೈ ಈಚೆ ಬಂದಾಗಿದೆ. ಆಮೇಲೆ ತಲೆ ‘ಗೂಡು ಕಂಡೇ ಕೈ ತೆಗೆದೆ’ ಅನ್ನುತ್ತದೆ, ಕ್ಲಬ್ಬಿನ ದನಿಯಲ್ಲಿ.

ಇದನ್ನೆಲ್ಲ ದೊಡ್ಡಮ್ಮನಿಗೆ ವಿವರಿಸಿದೆ.

‘ತಲೆನ ಕೇಳ್ದೇನೆ ಕೈ ಬತ್ತದೆ ಅಂತೀಯ. ಹಂಗಾರೆ ನಿನ್ನ ತಲೆ ಯಾಕ್ಲಾ ಬೇಕು?’

ಉತ್ತರ ಅವರ ಕೈಯಲ್ಲೇ ಇತ್ತು. ಮಾತಾಡುತ್ತಲೇ ಕಾವಲಿ ಮೇಲಿನ ಅಕ್ಕಿರೊಟ್ಟಿಯನ್ನು ಬರಿಬೆರಳಲ್ಲಿ ಎತ್ತಿ ತಿರುವಿ, ಅಂಚನ್ನು ಒತ್ತಿ, ಕೆಂಡಕ್ಕೆ ಹಾಕಿದರು. ರೊಟ್ಟಿ ಉಬ್ಬಿತು, ದೊಡ್ಡಮ್ಮನ ಮುಖದಲ್ಲಿ ಏನೂ ಇಲ್ಲ. ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ದಾರಿಗಳೂ ಇವೆ. ಅವುಗಳ ಮೂಲಕ ‘ತಡಿ, ಬಿಡಬೇಡ’ ಎಂಬ ಅಪ್ಪಣೆ ಬಂದರೆ ಕೈ ಸುಡುತ್ತಿದ್ದರೂ ಬೆರಳು ಬಿಡುವುದಿಲ್ಲ. ಬಿಸಿ ಕಾಫಿ ತುಂಬಿದ ಲೋಟವನ್ನು ಅತಿಥಿಯ ಮಡಿಲಿಗೆ ಹಾಕದೆ ಟೀಪಾಯಿವರೆಗೆ ತಲುಪಿಸುವುದು ಇದೇ. ನನ್ನ ಸಾಹುಕಾರ ಅಂಥ ಹೊತ್ತಿಗೆ ನಾಟ್ ರೀಚಬಲ್.

ಡಾಕ್ಟರು ಮಂಡಿ ಕೆಳಗೆ ಸುತ್ತಿಗೆಯಲ್ಲಿ ತಟ್ಟಿದಾಗ ಕಾಲು ಎಗರುತ್ತದಲ್ಲ, ಅಲ್ಲಿ ನಡುವಿನ ದಲ್ಲಾಳಿಯೂ ಇಲ್ಲ. ಸುದ್ದಿ ತರುವ ನರಕೋಶ ನೇರ ಸ್ನಾಯುವಿನ ನರಕೋಶಕ್ಕೇ ಮುಟ್ಟಿಸುತ್ತದೆ. 1875ರಲ್ಲಿ ಎರ್ಬ್, ವೆಸ್ಟ್‌ಫಾಲ್ ಎಂಬ ಇಬ್ಬರು ಜರ್ಮನ್ ವೈದ್ಯರು ಕಾಲು ಹೀಗೆ ಎಗರುವುದನ್ನು ಬೇರೆ ಬೇರೆಯಾಗಿ ಬರೆದಿಟ್ಟರು. ನರಕೋಶಗಳ ನಡುವಿನ ಆ ಸಂಧಿಗೆ ‘ಸಿನಾಪ್ಸ್’ ಎಂದು ಹೆಸರು ಕೊಟ್ಟ ಶೆರಿಂಗ್ಟನ್ನರಿಗೆ 1932ರಲ್ಲಿ ನೊಬೆಲ್ ಬಂತು.

ನನಗೆ ಹೆಚ್ಚು ಇಷ್ಟ ಮುಳ್ಳಿನ ವಿಚಾರ. ಶುಂಠಿ ಹೊಲದ ಬದುವಿನಲ್ಲಿ ಮುಟ್ಟಿದರೆ ಮುನಿಯ ಮುಳ್ಳು ತುಳಿದಿರಿ ಅನ್ನಿ. (ಆ ಗಿಡಕ್ಕೆ ಒಂದೂ ನರಕೋಶವಿಲ್ಲ, ಆದರೂ ಮುಟ್ಟಿದರೆ ಮುದುಡುತ್ತದೆ.) ಚುಚ್ಚಿದ ಕಾಲು ಮೇಲೇಳುವಾಗಲೇ ಇನ್ನೊಂದು ಕಾಲು ತಾನಾಗಿ ಸೆಟೆದು ಮೈಭಾರ ಹೊರುತ್ತದೆ, ರೈಟರ ಜಾಣತನ! ನೋವು ಬರುವುದು ಎರಡು ಕಂತಿನಲ್ಲಿ. ಮೊದಲ ‘ಚುರ್’ ಸೆಕೆಂಡಿಗೆ 5ರಿಂದ 30 ಮೀಟರ್ ವೇಗದ ತಂತುಗಳಲ್ಲಿ ಬರುತ್ತದೆ. ಹಿಂದೆ ಬರುವ ಉರಿ ಸುಮಾರು ಒಂದೇ ಮೀಟರಿನಂತೆ ತೆವಳುತ್ತದೆ. ಕಾಲಿನಿಂದ ತಲೆಗೆ ಒಂದು ಸೆಕೆಂಡಿಗೂ ಮೇಲೆ. ‘ಅಯ್ಯೋ’ ಮೊದಲ ಕಂತಿನದು, ಬೈಗುಳ ಎರಡನೆಯದರದು.

ಉದ್ದದ ಕಾಲಿಗೆ ಈ ತಡದ ತೊಂದರೆ ಹೆಚ್ಚು. 2010ರಲ್ಲಿ ಕೆನಡಾದ ಸಂಶೋಧಕರು ಏಷ್ಯಾದ ಆನೆಯ ಕಾಲಿನ ನರದಲ್ಲಿ ಸುದ್ದಿ ಸೆಕೆಂಡಿಗೆ ಸುಮಾರು 70 ಮೀಟರ್ ಓಡುವುದನ್ನು ಅಳೆದರು. ಪುಟ್ಟ ಸೊಂಡಿಲಿಯಲ್ಲಿ 42. ವೇಗ ಎರಡರಷ್ಟೂ ಇಲ್ಲ, ದೂರ ಮಾತ್ರ ಎಷ್ಟೋ ಪಟ್ಟು. ಹಾಗಾಗಿ ಆನೆಗೆ ಸುದ್ದಿ ತಡ, ಉತ್ತರವೂ ತಡ.

ತೋಟಕ್ಕೆ ನುಗ್ಗುವ ಆನೆಗಳಿಂದ ಬೇಸತ್ತ ಆಲೂರು, ಸಕಲೇಶಪುರದ ಕಡೆಯವರಿಗೆ ಇದಕ್ಕಿಂತ ಸಿಹಿಸುದ್ದಿ ಇಲ್ಲವೆಂದು ದೊಡ್ಡಪ್ಪನಿಗೆ ಹೇಳಿದೆ.

‘ಹಂಗಾರೆ ನಾವು ಓಡಿ ತಪ್ಪಿಸ್ಕಬೋದು ಅನ್ನು.’

ಆನೆ ಗಂಟೆಗೆ ಸುಮಾರು 25 ಕಿಲೋಮೀಟರ್ ಓಡುತ್ತದೆ ಅಂದೆ. ದೊಡ್ಡಪ್ಪ ಅರಣ್ಯ ಇಲಾಖೆಯ ಮೆಸೇಜು ಬಂದಿದೆಯೇ ಎಂದು ಮೊಬೈಲು ನೋಡಿಕೊಂಡು, ತೋಟಕ್ಕೆ ಮಧ್ಯಾಹ್ನದ ಮೇಲೆ ಹೋದರಾಯಿತೆಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.