ಕಿಲೋ ಉಪಗ್ರಹ, ಗಿಗಾ ಸಿದ್ಧತೆ

2016ರ ಜೂನ್ 22ರ ಬೆಳಿಗ್ಗೆ ಶ್ರೀಹರಿಕೋಟಾದಿಂದ ಹಾರಿದ ಪಿಎಸ್‌ಎಲ್‌ವಿ-ಸಿ34 ರಾಕೆಟ್ಟಿನಲ್ಲಿ 20 ಉಪಗ್ರಹಗಳಿದ್ದವು. ಅವುಗಳಲ್ಲೊಂದು ಪುಣೆಯ ಇಂಜಿನಿಯರಿಂಗ್ ಕಾಲೇಜಿನ (ಸಿಒಇಪಿ) ವಿದ್ಯಾರ್ಥಿಗಳು ಕಟ್ಟಿದ ‘ಸ್ವಯಂ’. ಉದ್ದ, ಅಗಲ, ಎತ್ತರ ತಲಾ 10 ಸೆಂಟಿಮೀಟರ್. ತೂಕ ಸುಮಾರು 1 ಕಿಲೋ. ಪುಣೆಯ ತುಳಸಿಬಾಗ್ ಪೇಟೆಯ ಅಂಗಡಿಯವರಾದರೆ ಕೈಚೀಲದಲ್ಲಿ ಹಾಕಿಕೊಟ್ಟಾರು.

ಕೆಲಸ ಶುರುವಾದದ್ದು 2008ರಲ್ಲಿ. ಡಿಗ್ರಿ ನಾಲ್ಕು ವರ್ಷದ್ದು, ಉಪಗ್ರಹ ಎಂಟು ವರ್ಷದ್ದು! ಇಂಥ ಯೋಜನೆಗಳಲ್ಲಿ ಮೊದಲ ಸ್ಕ್ರೂ ತಿರುಗಿಸಿದವರು ಉಡಾವಣೆಯ ಹೊತ್ತಿಗೆ ನೌಕರಿ, ಮದುವೆ, ಇಎಂಐ ಎಂದು ಬೇರೆಯೇ ಕಕ್ಷೆ ಸೇರಿರುತ್ತಾರೆ. ಕಿರಿಯರಿಗೆ ಅವರು ಬಿಟ್ಟುಹೋಗುವ ಆಸ್ತಿ ಎಂದರೆ ಒಂದಿಷ್ಟು ಕೋಡು ಮತ್ತು ‘ಮೊದಲು ಇದನ್ನು ಓದಿ’ ಎಂಬ ಫೈಲು.

ಅದನ್ನು ಓದಿದವನ ಪಾಡು ಯಾವ ಊರಿನ ಲ್ಯಾಬಿನಲ್ಲೂ ಒಂದೇ. ಪ್ರೋಗ್ರಾಮ್ ಬರೆಯುವುದು ಲ್ಯಾಪ್‌ಟಾಪಿನಲ್ಲಿ, ಓಡಬೇಕಾದದ್ದು ಉಗುರಿನಗಲದ ಚಿಪ್ಪಿನಲ್ಲಿ. ಇದರ ಭಾಷೆ ಅದಕ್ಕೆ ತಿಳಿಯದು. ಹಾಗಾಗಿ ಇಲ್ಲಿ ಬರೆದದ್ದನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಕ್ರಾಸ್ ಕಂಪೈಲರ್ ಬೇಕು. ಅದರ ಹಿಂದೆ ಲೈಬ್ರರಿ, ಡಿಬಗರ್, ಡ್ರೈವರ್ ಎಂದು ದಿಬ್ಬಣ ಹೊರಡುತ್ತದೆ. ಗಿಗಾಬೈಟುಗಟ್ಟಲೆ ಇಳಿಸಿಕೊಂಡು ಕೊನೆಗೆ ತಯಾರಾಗುವುದು ಕೆಲವು ಕಿಲೋಬೈಟಿನ ಫೈಲು. ಅದನ್ನು ಬೋರ್ಡಿಗೆ ಕಳಿಸಹೊರಟರೆ ಪೋರ್ಟೇ ಕಾಣದು: ಕೇಬಲ್ಲು ಬರೀ ಚಾರ್ಜಿಂಗಿನದು. ಅದನ್ನು ಬದಲಿಸಿದರೆ ‘ಪರ್ಮಿಷನ್ ಡಿನೈಡ್’. ಸ್ವಂತ ದುಡ್ಡಿನ ಲ್ಯಾಪ್‌ಟಾಪು, ಆದರೂ ಲಿನಕ್ಸಿನ ‘ಡಯಲ್‌ಔಟ್’ ಗುಂಪಿಗೆ ಸೇರದೆ ಪೋರ್ಟು ಮುಟ್ಟುವಂತಿಲ್ಲ. ಸೇರಿದ ಮೇಲೆ ಪರದೆಯ ತುಂಬ ಅರ್ಥವಿಲ್ಲದ ಅಕ್ಷರಗಳು: ಬೋರ್ಡು 9600ರ ವೇಗದಲ್ಲಿ ಮಾತಾಡುತ್ತಿದೆ, ಲ್ಯಾಪ್‌ಟಾಪು 115200ರಲ್ಲಿ ಕೇಳಿಸಿಕೊಳ್ಳುತ್ತಿದೆ.

ಇಷ್ಟೆಲ್ಲ ದಾಟಿ ಒಂದು ಎಲ್‌ಇಡಿ ಮಿಣುಕಿದರೆ ಲ್ಯಾಬಿನಲ್ಲಿ ಚಪ್ಪಾಳೆ, ಚಹಾ.

ಎಲ್ಲವನ್ನೂ ನೆಲದ ಮೇಲೇ ಓಡಿಸಿ ನೋಡಲು ಅಷ್ಟು ಪಡಿಪಾಟಲು ಏಕೆಂದರೆ, ಸುಮಾರು 500 ಕಿಲೋಮೀಟರ್ ಮೇಲೆ ಹೋಗಿ ರೀಸೆಟ್ ಬಟನ್ ಒತ್ತುವವರಿಲ್ಲ. ಉಪಗ್ರಹ ಒಂದೂವರೆ ಗಂಟೆಗೊಮ್ಮೆ ಭೂಮಿ ಸುತ್ತುತ್ತದೆ. ಊರಿನ ಮೇಲೆ ಹಾದರೆ ಮಾತಿಗೆ ಸಿಗುವುದು ಹತ್ತು ನಿಮಿಷದ ಆಸುಪಾಸು. ದೂರದ ಯಂತ್ರ ಕೆಟ್ಟರೆ ಕೆಲಸಕ್ಕೆ ಬರುವುದು ನೆಲದ ಮೇಲಿನ ಈ ಸಿದ್ಧತೆಯೇ. 1997ರಲ್ಲಿ ಮಂಗಳದ ಮೇಲಿಳಿದ ನಾಸಾದ ನೌಕೆ ಪಾತ್‌ಫೈಂಡರ್ ಪದೇ ಪದೇ ತಾನಾಗಿ ರೀಸೆಟ್ ಆಗತೊಡಗಿತು. ನಾಸಾದವರು ಭೂಮಿಯ ಮೇಲಿದ್ದ ಅದರ ಪ್ರತಿರೂಪದಲ್ಲಿ ಅದೇ ತಂಟೆ ಹುಟ್ಟಿಸಿ, ಕಾರಣ ಹಿಡಿದು, ಇಲ್ಲಿಂದಲೇ ತಿದ್ದುಪಡಿ ಕಳಿಸಿದರು. ಕೆಳಗಿನ ಮೇಜಿನ ಮೇಲೆ ಎಲ್ಲವೂ ಮೇಲಿನಂತೆಯೇ ಇದ್ದದ್ದು ಉಳಿಸಿತು.

ಆದರೆ ‘ಸ್ವಯಂ’ನ ಒಂದು ಭಾಗಕ್ಕೆ ಈ ಯಾವ ರಗಳೆಯೂ ಇರಲಿಲ್ಲ. ದಿಕ್ಕು ಕಾಯ್ದುಕೊಳ್ಳಲು ಅದು ನಂಬಿದ್ದು ಅಯಸ್ಕಾಂತವನ್ನು. ಭೂಮಿಯ ಕಾಂತಕ್ಷೇತ್ರವೇ ಅದನ್ನು ತಿರುಗಿಸಿಕೊಳ್ಳುತ್ತದೆ. ಪಾಸ್‌ವರ್ಡ್ ಬೇಡ, ಡ್ರೈವರ್ ಬೇಡ.

ಈ ಜಾಣತನಕ್ಕೆ ಕಾಲೇಜಿನ ವಂಶಾವಳಿಯಲ್ಲೇ ಹಿರಿಯರಿದ್ದಾರೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಇಂಜಿನಿಯರಿಂಗ್ ಓದಿದ್ದು ಇಲ್ಲೇ. ಆಗ ಇದು ಪೂನಾದ ಕಾಲೇಜ್ ಆಫ್ ಸೈನ್ಸ್. 1903ರಲ್ಲಿ ಊರಾಚೆಯ ಖಡಕವಾಸ್ಲಾ ಅಣೆಕಟ್ಟಿಗೆ ಅವರು ಕೂರಿಸಿದ ಸ್ವಯಂಚಾಲಿತ ಬಾಗಿಲುಗಳು ನೀರೇರಿದರೆ ತೆರೆಯುತ್ತಿದ್ದವು, ಇಳಿದರೆ ಮುಚ್ಚುತ್ತಿದ್ದವು.

ಲ್ಯಾಬಿನ ಹುಡುಗ ಕೇಳಬಹುದು, ಅದಕ್ಕೆ ಮುಂದೆ ಅಪ್‌ಡೇಟ್ ಬರಲಿಲ್ಲವೇ? ಬಂತಲ್ಲ: ಗ್ವಾಲಿಯರಿನ ತಿಗ್ರಾ ಅಣೆಕಟ್ಟಿನಲ್ಲಿ ಒಂದು, ನಮ್ಮ ಕೃಷ್ಣರಾಜಸಾಗರದಲ್ಲಿ ಇನ್ನೊಂದು. ಎರಡೂ ಕಡೆ ರೀಸ್ಟಾರ್ಟ್ ಮಾಡಿ ಎಂದು ಯಾವ ಬಾಗಿಲೂ ಕೇಳಲಿಲ್ಲ.